ಒಂಬತ್ತನೇ ಚೀಟಿ

ನಮ್ಮ ಊರಿಗೆ ಬಂದ ನೆಂಟರನ್ನು ನಾವು ಮೊದಲು ಕರೆದುಕೊಂಡು ಹೋಗುವುದು ಗಡಿಯಾರದ ಗೋಪುರಕ್ಕೆ. ಗೋಪುರದಲ್ಲಿ ಅಂಥದ್ದೇನೂ ಇಲ್ಲ, ನೋಡಬೇಕಾದದ್ದು ಅದರ ಬುಡದಲ್ಲಿರುವ ಕಲ್ಲು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಕೆತ್ತಿದೆ, ಪಳಗಿದ ಕೈಯ ಕೆಲಸ. ಅದರ ಕೆಳಗೆ ಮೂರೇ ಪದ, ಅಕ್ಷರ ಓರೆಕೋರೆ, ಕೊನೆಯದಂತೂ ಕಲ್ಲಿನ ಅಂಚಿಗೆ ಹೋಗಿ ಮುದುರಿಕೊಂಡಿದೆ. ನೆಂಟರು ಮೇಲಿನ ಸಾಲು ಓದಿ ತಲೆಯಾಡಿಸುತ್ತಾರೆ, ಕೆಳಗಿನದು ಓದಿ ನಗುತ್ತಾರೆ. ನಗಲಿ. ಆ ಓರೆಕೋರೆ ಅಕ್ಷರ ಕೆತ್ತಿದವರು ಡಾ. ಚೂಡಾಮಣಿ. ಪಕ್ಕದಲ್ಲಿ ನಿಂತು ಕಲ್ಲಿನ ಪುಡಿ ಒರೆಸಿದವಳು ನಾನು, ಸೋಮಕ್ಕ. ಇದನ್ನೆಲ್ಲ ಕೊಚ್ಚಿಕೊಳ್ಳಬಾರದು ಅಂತ ನನ್ನ ಗಂಡ ಹೇಳುತ್ತಾನೆ. ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದಾನೆ, ನಾನೂ ಹತ್ತೊಂಬತ್ತು ವರ್ಷದಿಂದ ಕೊಚ್ಚಿಕೊಳ್ಳುತ್ತಿದ್ದೇನೆ.

ನಮ್ಮಲ್ಲಿ ನೋವು ಬರುವುದು ಎಂಟನೇ ದಿನ. ಮಂಗಳವಾರ ಹಲ್ಲು ಕೀಳಿಸಿಕೊಂಡವರು ಬಾಯಿ ಮುಕ್ಕಳಿಸಿ, ಹಾಗೇ ಸಂತೆಗೆ ಹೋಗಿ ತರಕಾರಿ ಕೊಂಡು ಮನೆಗೆ ಬರುತ್ತಾರೆ. ಮುಂದಿನ ಬುಧವಾರ ಅದೇ ಹೊತ್ತಿಗೆ ಕೆನ್ನೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಹೆತ್ತ ಹೆಂಗಸು ಏಳು ದಿನ ಆರಾಮಾಗಿ ಮಗುವನ್ನು ಮುದ್ದಾಡಿ, ಎಂಟನೇ ದಿನ ಸೂರು ಹಾರಿಹೋಗುವಂತೆ ಕೂಗುತ್ತಾಳೆ. ಮಗು ಅಜ್ಜಿಯ ಮಡಿಲಲ್ಲಿ ನಿದ್ದೆ ಹೊಡೆಯುತ್ತಿರುತ್ತದೆ. ಮೇಷ್ಟ್ರುಗಳು ಬೆತ್ತ ಬಿಟ್ಟು ಯಾವ ಕಾಲವಾಯಿತೋ. ಹೋದ ಶನಿವಾರ ಹೊಡೆದರೆ ಹುಡುಗ ಅಳುವುದು ಈ ಭಾನುವಾರ, ಅದೂ ಅಮ್ಮನ ಎದುರಿಗೆ. ಸೋಮವಾರ ಬೆಳಿಗ್ಗೆ ಮೇಷ್ಟ್ರಿಗೆ ಮಂಗಳಾರತಿ.

ಹಾಗಾಗಿ ಪ್ರತಿ ಮನೆಯಲ್ಲೂ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು, ಅದರ ಪಕ್ಕ ಗೋಡೆಗೆ ಹೊಡೆದ ಒಂದು ಮೊಳೆ. ಕೈಗೋ ಕಾಲಿಗೋ ಏನಾದರೂ ಆದರೆ ಆವತ್ತಿನ ಚೀಟಿಯಲ್ಲಿ ಹೊತ್ತು ಸಮೇತ ಬರೆದು ಮೊಳೆಗೆ ಸಿಗಿಸಬೇಕು. ಮೊಳೆಯ ಮೇಲೆ ಎಂಟು ಚೀಟಿ ಇರುತ್ತವೆ. ಒಂಬತ್ತನೆಯದು ಬಚ್ಚಲ ಒಲೆಗೆ ಹೋಗುತ್ತದೆ. ಯಾರಾದರೂ 'ಅಮ್ಮಾ' ಅಂದರೆ ಮನೆಯವರ ಕೈ ಮೊದಲು ಹೋಗುವುದು ಆ ಮೊಳೆಗೆ. ಎಂಟನೇ ಚೀಟಿಯಲ್ಲಿ ಬರೆದಿದ್ದರೆ ನೀರು ಕೊಟ್ಟು ಬೆನ್ನು ಸವರುತ್ತಾರೆ. ಬರೆದಿಲ್ಲದಿದ್ದರೆ ಅದು ಕಳ್ಳನೋವು. ಆವತ್ತು ಎಲ್ಲೋ ಹೋಗಿ, ಏನೋ ಮಾಡಿಕೊಂಡು ಬಂದು, ಮನೆಯವರಿಂದ ಮುಚ್ಚಿಟ್ಟಿದ್ದಾರೆ ಅಂತ ಲೆಕ್ಕ. ಗಂಡಸಿಗೆ ಕಳ್ಳನೋವು ಬಂದರೆ ಕುಡಿದು ಬಿದ್ದಿರಬೇಕು ಅನ್ನುತ್ತಾರೆ. ಹೆಂಗಸಿಗೆ ಬಂದರೆ ಏನನ್ನುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎಂಟನ್ನು ಗಟ್ಟಿ ಮಾಡಿದವರೇ ಚೂಡಾಮಣಿ ಮೇಡಂ. ಅವರಿಗಿಂತ ಮುಂಚೆ ಏಳು ಅನ್ನುವವರು, ಹತ್ತು ಅನ್ನುವವರು, ಅಮಾವಾಸ್ಯೆ ನೋಡಿ ಹೇಳುವವರು ಎಲ್ಲ ಇದ್ದರಂತೆ. ಇಪ್ಪತ್ತನಾಲ್ಕನೇ ವಯಸ್ಸಿಗೆ ಅವರು ಒಂದು ಸೂಜಿ, ಒಂದು ಗಡಿಯಾರ ಹಿಡಿದು ಬೀದಿಗಿಳಿದರು. ಸಿಕ್ಕಸಿಕ್ಕವರ ಬೆರಳಿಗೆ ಸೂಜಿ ಚುಚ್ಚಿ, ಹೊತ್ತು ಬರೆದುಕೊಂಡು, ಎಂಟನೇ ದಿನ ಆ ನಿಮಿಷಕ್ಕೆ ಅವರಿದ್ದಲ್ಲಿಗೇ ಹಾಜರಾಗುತ್ತಿದ್ದರು. ಧಾರೆ ನಡೆಯುವ ಮಂಟಪಕ್ಕೂ ನುಗ್ಗಿದ್ದಾರೆ, ಸಿನಿಮಾ ಟಾಕೀಸಿಗೂ ನುಗ್ಗಿದ್ದಾರೆ. ಆರು ವರ್ಷ, ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಜನ. ಒಂದು ನಿಮಿಷವೂ ಆಚೀಚೆ ಆಗಲಿಲ್ಲ. ದೂರದೂರದಿಂದ ವಿಜ್ಞಾನಿಗಳು ಬಂದು ಅವರ ಪುಸ್ತಕ ನೋಡಿ ಬೆರಗಾದರು. ಊರವರು ಹಳೇ ಛತ್ರವನ್ನೇ ಅವರಿಗೆ ಬಿಟ್ಟುಕೊಟ್ಟರು. ಅಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಕೂದಲಿಗಿಂತ ಸಣ್ಣ ನರಗಳನ್ನು ಬಿಡಿಸಿ ನೋಡುತ್ತ ಇಪ್ಪತ್ತೈದು ವರ್ಷ ಕಳೆದರು. ಬಾಗಿಲ ಮೇಲೆ ನರಶಾಸ್ತ್ರ ಸಂಶೋಧನಾಲಯ ಅಂತ ಬೋರ್ಡು ಇತ್ತು. ನಾವು ಕರೆಯುತ್ತಿದ್ದದ್ದು ನೋವಿನ ಮನೆ ಅಂತ. ಅವರ ಮಾತನ್ನು ಕ್ಯಾಲೆಂಡರಿನವರು ಪ್ರತಿ ಚೀಟಿಯ ಕೆಳಗೂ ಅಚ್ಚು ಹಾಕಿಸಿದರು: 'ಎಂಟು ದಿನದ ಹಿಂದೆ ಗಾಯವಿಲ್ಲದೆ ಇಂದು ನೋವಿಲ್ಲ.'

ನಾನು ಹಾಳಾದದ್ದು ಆ ಸಾಲಿನಿಂದ.

ನಾನಾಗ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದೆ. ಗೆರೆ ಎಳೆದು ತಟ್ಟಿದರೆ ಗಾಜು ಬೆಣ್ಣೆಯ ಹಾಗೆ ಬಿಡಬೇಕು, ಹಾಗೆ ಕೊಯ್ಯುವವಳು ಊರಲ್ಲಿ ನಾನೊಬ್ಬಳೇ. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ದೊಡ್ಡ ಕನ್ನಡಿ ಜಾರಿ ಬಲ ಮಣಿಕಟ್ಟಿನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಎಂಟನೇ ದಿನ ನೋವು ಬಂದು ಹೋಯಿತು. ಆದರೆ ಒಳಗೆ ನರ ತುಂಡಾಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿಹೋದವು. ಮುಟ್ಟಿದರೆ ತಿಳಿಯದು, ಸುಟ್ಟರೆ ತಿಳಿಯದು. ಕೆಲಸ ಹೇಗೋ ಎಡಗೈಗೆ ರೂಢಿಯಾಯಿತು.

ಕೆಲವು ತಿಂಗಳಾದ ಮೇಲೆ ಆ ಸತ್ತ ಬೆರಳುಗಳಿಗೆ ಕಳ್ಳನೋವು ಶುರುವಾಯಿತು. ರೊಟ್ಟಿ ತಟ್ಟುತ್ತಿದ್ದವಳು ಕೈ ಒದರಿಕೊಂಡು ಕೂಗಿದೆ. ನನ್ನ ಅತ್ತೆ ಗಿರಿಜವ್ವ ಮೊಳೆಯ ಹತ್ತಿರ ಹೋಗಿ ಎಂಟನೇ ಚೀಟಿ ತೆಗೆದು ನೋಡಿದರು. ಖಾಲಿ.

"ಆವತ್ತು ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ ಅತ್ತೆ, ಅಂಗಡೀಲೇ ಇದ್ದೆ."

"ಹಂಗಾದ್ರೆ ಈ ನೋವು ಆಕಾಶದಿಂದ ಉದುರ್ತಾ?"

ತಿಂಗಳಿಗೆ ಮೂರು ಸಲ, ನಾಲ್ಕು ಸಲ ಇದೇ ಆಯಿತು. ಗಂಡ ಬೆಳಿಗ್ಗೆ ಅಂಗಡಿಯವರೆಗೆ ಬಿಟ್ಟು ಸಂಜೆ ಬಂದು ಕರೆದುಕೊಂಡು ಹೋಗಲು ಶುರು ಮಾಡಿದ. ಪಕ್ಕದ ಮನೆಯವರು ನನ್ನ ಕೂಗು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದರು. ನನಗೆ ಹಟ ಹುಟ್ಟಿತು. ಬೆರಳಿಗೆ ಏನಾದರೂ ತಗುಲಿದ್ದು ನನಗೇ ತಿಳಿಯುವುದಿಲ್ಲವಲ್ಲ, ಹಾಗಾಗಿ ದಿನಾ ಸಂಜೆ ದೀಪದ ಕೆಳಗೆ ಕೈ ಹಿಡಿದು, ಎಲ್ಲಿ ಗೀರಿದೆ, ಎಲ್ಲಿ ಸುಟ್ಟಿದೆ ಅಂತ ನೋಡಿ ಆವತ್ತಿನ ಚೀಟಿಯಲ್ಲಿ ಬರೆದೆ. ನೋವು ಬಂದದ್ದನ್ನೂ ಬರೆದೆ. ಎಂಟು ದಿನದ ಲೆಕ್ಕ ಒಂದೂ ಕೂಡಲಿಲ್ಲ. ಆದರೂ ಒಂಬತ್ತನೇ ಚೀಟಿಯನ್ನು ಅತ್ತೆ ಒಲೆಗೆ ಹಾಕುವ ಮೊದಲೇ ನಾನು ಎತ್ತಿ ಒಂದು ಕೈಚೀಲಕ್ಕೆ ಹಾಕಿಡುತ್ತಿದ್ದೆ. ಯಾಕೆ ಅಂತ ನನಗೂ ಗೊತ್ತಿರಲಿಲ್ಲ. ಸುಡಲಿಕ್ಕೆ ಮನಸ್ಸು ಬರಲಿಲ್ಲ, ಅಷ್ಟೆ.

ಹದಿನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ನೋವಿಗೆ ಕೈ ಹಿಡಿದುಕೊಂಡು ಕೂತಿದ್ದಾಗ ಒಂಬತ್ತು ವರ್ಷದ ಮಗಳು ಪದ್ದಿ ಬಂದು ಮೆಲ್ಲಗೆ ಕೇಳಿದಳು. "ಅಮ್ಮ, ಆವತ್ತು ನೀನು ಏನು ಮಾಡ್ದೆ? ನಂಗೆ ಮಾತ್ರ ಹೇಳು. ಅಜ್ಜಿಗೆ ಹೇಳಲ್ಲ."

ನಾನು ಚೀಲ ಹೊತ್ತುಕೊಂಡು ಸೀದಾ ನೋವಿನ ಮನೆಗೆ ನಡೆದೆ.

ಮೇಡಂ ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಐವತ್ತೈದು ವರ್ಷ, ಗಿಡ್ಡ ಆಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಾನು ಅವರ ತಟ್ಟೆಯ ಪಕ್ಕದಲ್ಲೇ ಚೀಲ ಸುರಿದೆ.

"ಯಾರಮ್ಮ ನೀನು?"

"ನಿಮ್ಮ ಸಾಲಿಂದ ಮನೆ ಮರ್ಯಾದೆ ಕಳ್ಕೊಂಡೋಳು."

ಎಲ್ಲ ಹೇಳಿದೆ. ಅವರು ಕೇಳಿದರು, ಆದರೆ ಮುಖ ಸಿಂಡರಿಸಿಕೊಂಡೇ ಕೇಳಿದರು. "ನೋಡಮ್ಮ, ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಜನರಲ್ಲಿ ಒಬ್ಬರಿಗೂ ತಪ್ಪಿಲ್ಲ. ನೀನು ಬರೆಯೋದರಲ್ಲಿ ಏನೋ ತಪ್ಪಿದೆ."

"ಆ ಜನದಾಗೆ ನನ್ನಂಗೆ ಕೈ ಸತ್ತೋರು ಎಷ್ಟು ಜನ ಇದ್ರು ಮೇಡಂ?"

ನಾನು ವಾದಕ್ಕೆ ಕೇಳಿದ್ದಲ್ಲ. ನನ್ನಂಥವರು ಇನ್ನೊಬ್ಬರಾದರೂ ಇದ್ದಾರೆಯೇ ಅಂತ ಆಸೆಯಿಂದ ಕೇಳಿದ್ದು. ಅವರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ಯಾರೂ ಇರಲಿಲ್ಲ," ಅಂದರು. ಚಮಚ ಕೆಳಗಿಟ್ಟು, "ಅಂಥವರನ್ನು ನಾನೇ ಸೇರಿಸ್ಲಿಲ್ಲ. ಗೊಂದಲ ಆಗುತ್ತೆ ಅಂತ ಬಿಟ್ಟುಬಿಟ್ಟೆ," ಅಂದರು.

ಬೇರೆಯವರಾಗಿದ್ದರೆ ಇನ್ನೊಂದು ದಿನ ಬಾ ಅನ್ನುತ್ತಿದ್ದರು. ಮೇಡಂ ತಟ್ಟೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಛತ್ರದ ಊಟದ ಹಾಲಿನಲ್ಲಿ ನೆಲಕ್ಕೆ ಕೂತರು. ನಾನೂರ ಇಪ್ಪತ್ತು ಚೀಟಿ. ಗಾಯಕ್ಕೆ ನೀಲಿ ಪೆನ್ಸಿಲಿನ ಗುರುತು, ನೋವಿಗೆ ಕೆಂಪು. ಮೊದಲು ಎಂಟೆಂಟರ ಸಾಲು ಮಾಡಿ ಹಾಸಿದೆವು. ನೀಲಿ ಎಲ್ಲೋ, ಕೆಂಪು ಎಲ್ಲೋ. ಎತ್ತಿ ಒಂಬತ್ತರ ಸಾಲು ಹಾಸಿದೆವು. ಆಮೇಲೆ ಹತ್ತು, ಹನ್ನೊಂದು. ಮೂರು ದಿನ ಇಬ್ಬರೂ ಮೊಣಕಾಲ ಮೇಲೆ ಹರಿದಾಡಿದೆವು. ಎಂಟು ದಿನ ಕಳೆದ ಮೇಲೆ ಆ ಮೊಣಕಾಲುಗಳು ಕೊಟ್ಟ ಕಾಟ ಹೇಳತೀರದು. ಮೂರನೇ ದಿನ ಸಂಜೆ ಮೂವತ್ತೊಂದರ ಸಾಲು ಹಾಸಿ ಎದ್ದು ನಿಂತೆವು. ಕೊನೆಯ ತಿಂಗಳಿನವು ಬಿಟ್ಟರೆ ಪ್ರತಿ ನೀಲಿಯ ಕೆಳಗೂ ಒಂದು ಕೆಂಪು ಬಂದು ಕೂತಿತ್ತು. ಒಂದೂ ತಪ್ಪಿರಲಿಲ್ಲ.

ಮೇಡಂ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಕೆಟ್ಟ ನರ ನೋವನ್ನ ತಡ ಮಾಡ್ತಿದೆ. ನಾವೆಲ್ಲ ಎಂಟೇ ಚೀಟಿ ಇಟ್ಕೊಂಡು ಮಿಕ್ಕಿದ್ದು ಸುಟ್ಟುಬಿಟ್ವಿ. ಇಪ್ಪತ್ತೈದು ವರ್ಷ ಬಚ್ಚಲ ನೀರು ಕಾಯಿಸಿದ್ವಲ್ಲ ಸೋಮಕ್ಕ!" ನನಗೆ ಅಳು ಬಂತು. ಅವರಿಗೂ ಬಂದಿತ್ತು, ಆದರೆ ಅವರು ಕನ್ನಡಕ ಒರೆಸುವ ನೆಪ ಮಾಡಿದರು.

ಚೀಟಿ ತೋರಿಸಿದರೆ ಊರು ನಂಬುವುದಿಲ್ಲ, ನೀನೇ ಬರೆದುಕೊಂಡದ್ದು ಅನ್ನುತ್ತಾರೆ ಅಂತ ಅವರಿಗೆ ಗೊತ್ತಿತ್ತು. "ನಿನ್ನ ಮಾತು ಎಳ್ಳಷ್ಟೂ ನಂಬದೋರು ಯಾರಿದ್ದಾರೆ?" ಅಂತ ಕೇಳಿದರು.

"ನಮ್ಮತ್ತೆ."

"ಕರ್ಕೊಂಡು ಬಾ."

ಗಿರಿಜವ್ವ ಕುಣಿದುಕೊಂಡು ಬಂದರು. "ಇವಳ ಬಂಡವಾಳ ಬಯಲು ಮಾಡೋಕೆ ಡಾಕ್ಟ್ರೇ ಕರೆದವ್ರೆ" ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಹತ್ತು ದಿನ, ದಿನಕ್ಕೊಂದು ಗಂಟೆ, ಪರದೆಯ ಈಚೆ ನಾನು, ಆಚೆ ಅವರಿಬ್ಬರು. ಪರದೆಯ ತೂತಿನಿಂದ ನನ್ನ ಬಲಗೈ ಅತ್ತ ಚಾಚಿರುತ್ತಿತ್ತು. ಈ ಹತ್ತು ದಿನದಲ್ಲಿ ಒಂದೇ ಒಂದು ಸಲ, ಮೂರರಲ್ಲಿ ಒಂದೇ ಬೆರಳಿಗೆ ಮೇಡಂ ಸೂಜಿ ಚುಚ್ಚುವುದು. ಯಾವ ದಿನ, ಯಾವ ಬೆರಳು ಅಂತ ಕವಡೆ ಹಾಕಿ ತೀರ್ಮಾನ. ಮರಗಟ್ಟಿದ ಬೆರಳು, ನನಗೆ ತಿಳಿಯುವ ಮಾತೇ ಇಲ್ಲ. ತಿಳಿದಿದ್ದು ಅವರಿಬ್ಬರಿಗೆ ಮಾತ್ರ. ಮಿಕ್ಕ ಹೊತ್ತು ಬೇರೇನೂ ತಗುಲದ ಹಾಗೆ ಕೈಗೆ ಹತ್ತಿ ಸುತ್ತಿ ಬಟ್ಟೆ ಕಟ್ಟಿಬಿಟ್ಟರು. ಮನೆಗೆಲಸ ಅತ್ತೆಯ ತಲೆಗೆ ಬಂತು. ಗೊಣಗಿಕೊಂಡು ಪಾತ್ರೆ ತೊಳೆದರು, ಗೊಣಗಿಕೊಂಡೇ ಅನ್ನ ಕಲಸಿ ನನ್ನ ಬಾಯಿಗಿಟ್ಟರು. ಸೊಸೆಯಾಗಿ ಹತ್ತು ವರ್ಷವಾಗಿತ್ತು, ಅವರ ಕೈತುತ್ತು ತಿಂದದ್ದು ಅದೇ ಮೊದಲು.

ಗುಟ್ಟು ಇಟ್ಟುಕೊಳ್ಳುವುದು ಅವರ ಜಾಯಮಾನವಲ್ಲ. ಬಾಯಿ ಬಿಡಬೇಕು ಅನ್ನಿಸಿದಾಗೆಲ್ಲ ಎಲೆ ಅಡಿಕೆ ತುರುಕಿಕೊಳ್ಳುತ್ತಿದ್ದರು. ಸೂಜಿ ಚುಚ್ಚಿದ ಎಂಟನೇ ದಿನ ಆ ಹೊತ್ತಿಗೆ ಅವರು ನನ್ನ ಎದುರಿಗೇ ಕೂತು ಮುಖ ನೋಡುತ್ತಿದ್ದರಂತೆ. ನಾನು ಎಡಗೈಯಲ್ಲಿ ಅಕ್ಕಿ ಆರಿಸುತ್ತ ಪದ್ದಿಗೆ ಮಗ್ಗಿ ಹೇಳಿಕೊಡುತ್ತಿದ್ದೆನಂತೆ. "ಅವತ್ತೇ ನನ್ನ ಎದೆ ಧಸಕ್ ಅಂತು ಕಣೆ," ಅಂತ ಎಷ್ಟೋ ಕಾಲವಾದ ಮೇಲೆ ಹೇಳಿದರು.

ಈ ನಡುವೆ ಊರು ಇನ್ನೊಂದು ಸಂಭ್ರಮಕ್ಕೆ ಸಜ್ಜಾಗುತ್ತಿತ್ತು. ಮೇಡಂ ಎಂಟನ್ನು ಕಂಡುಹಿಡಿದು ಇಪ್ಪತ್ತೈದು ವರ್ಷ ತುಂಬಿತ್ತು. ಅವರ ಸಾಲನ್ನು ಕಲ್ಲಿನಲ್ಲಿ ಕೆತ್ತಿಸಿ ಗೋಪುರದ ಬುಡದಲ್ಲಿ ನಿಲ್ಲಿಸುವುದು ಅಂತ ನಿಶ್ಚಯವಾಗಿತ್ತು. ಸಮಾರಂಭದ ಭಾನುವಾರ ನನ್ನ ನೋವು ಬರಬಹುದಾದ ಹತ್ತು ದಿನಗಳ ನಡುವೆಯೇ ಬಿತ್ತು. ಪುರಸಭೆ ಅಧ್ಯಕ್ಷರು ನೋವಿನ ಮನೆಗೆ ಓಡಿಬಂದರು. ಕೈಕಟ್ಟು ಬಿಚ್ಚಿಯಾಗಿತ್ತು, ನಾನು ಅಲ್ಲೇ ಕಸ ಗುಡಿಸುತ್ತಿದ್ದೆ.

"ಮೇಡಂ, ಊರಿಗೆ ಊರೇ ನಿಮ್ಮ ಸಾಲಿನ ಮೇಲೆ ನಿಂತಿದೆ. ಯಾರೋ ಒಬ್ಬಳ ಬೆರಳಿಗೋಸ್ಕರ ಅದನ್ನ ಕೆಡವ್ತೀರಾ? ಸಮಾರಂಭ ಮುಗೀಲಿ, ಆಮೇಲೆ ನೋಡಿದ್ರಾಯ್ತು."

"ಆ ಒಬ್ಬಳನ್ನ ಇಪ್ಪತ್ತೈದು ವರ್ಷ ಆಮೇಲೆ ಆಮೇಲೆ ಅಂದಿದ್ದೇ ನಾನು ಮಾಡಿದ ತಪ್ಪು. ಭಾನುವಾರ ಸೋಮಕ್ಕನ್ನ ಮುಂದಿನ ಸಾಲಲ್ಲಿ ಕೂರಿಸಿ. ಅವಳತ್ತೇನೂ ಪಕ್ಕದಲ್ಲೇ ಇರಲಿ."

ಭಾನುವಾರ ಗೋಪುರದ ಮುಂದೆ ಜನವೋ ಜನ. ಕಲ್ಲಿಗೆ ಹಳದಿ ರೇಷ್ಮೆ ಹೊದಿಸಿದ್ದರು. ಅಧ್ಯಕ್ಷರು ಮಾತಾಡಿದರು, ಹೆಡ್‌ಮೇಷ್ಟ್ರು ಮಾತಾಡಿದರು. ಹನ್ನೊಂದೂವರೆಗೆ ಬಟ್ಟೆ ಸರಿಸಬೇಕು ಅಂದಾಗ ಮೇಡಂ, ಹನ್ನೆರಡಾಗಲಿ ಅಂದರು. ಯಾಕೆ ಅಂತ ಹೇಳಲಿಲ್ಲ. ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಈಗ ಯೋಚಿಸಿದರೆ ಅನ್ನಿಸುತ್ತದೆ: ನೋವು ಬಂದರೆ ಅವರ ಸಾಲು ಹೋಗುತ್ತದೆ, ಬಾರದಿದ್ದರೆ ನಾನು ಹೋಗುತ್ತೇನೆ. ಎರಡನ್ನೂ ತಿಳಿದು ಆ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದರು. ಪಕ್ಕದಲ್ಲಿ ಅತ್ತೆ ಗಡಿಯಾರವನ್ನೇ ನೋಡುತ್ತಿದ್ದರು, ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ.

ಹನ್ನೊಂದು ಮುಕ್ಕಾಲಿಗೆ ಬಂತು. ಕಾದ ಸೂಜಿಯನ್ನು ಉಗುರಿನ ಸಂದಿಗೆ ತೂರಿಸಿದ ಹಾಗೆ ಬಂತು. "ನಡುಬೆರಳು!" ಅಂತ ಕೂಗಿ ಎದ್ದು ನಿಂತೆ. ಅಷ್ಟು ಜನರ ನಡುವೆ, ಅಷ್ಟು ಉರಿಯುವಾಗ, ನನಗೆ ನಗು ತಡೆಯಲಿಕ್ಕಾಗಲಿಲ್ಲ. ಹಿಂದಿನಿಂದ ಯಾರೋ ಅಭ್ಯಾಸಬಲದಿಂದ, "ಎಂಟನೇ ಚೀಟಿ ನೋಡ್ರಪ್ಪಾ!" ಅಂದರು.

"ಎಂಟನೇ ಚೀಟಿ ಒಲೆಗೆ ಹಾಕು!" ಅಂತ ಗಿರಿಜವ್ವ ಗುಡುಗಿದರು. ಕುರ್ಚಿಯ ಮೇಲೆ ಹತ್ತಿಯೇಬಿಟ್ಟರು. "ಇವತ್ತಿಗೆ ಮೂವತ್ತೊಂದು ದಿನದ ಕೆಳಗೆ, ಗುರುವಾರ, ಹನ್ನೊಂದು ಮುಕ್ಕಾಲು, ಬಲಗೈ ನಡುಬೆರಳು. ಡಾಕ್ಟ್ರು ಚುಚ್ಚಿದ್ದನ್ನ ನನ್ನ ಎರಡು ಕಣ್ಣಾರೆ ನೋಡೀನಿ. ಇವಳಿಗೆ ಗೊತ್ತಿರಲಿಲ್ಲ. ನನ್ನ ಸೊಸೆ ಸುಳ್ಳು ಹೇಳೋಳಲ್ಲ!"

ಅತ್ತೆ ಸೊಸೆ ಒಳಗೊಳಗೇ ಮಾತಾಡಿಕೊಂಡಿದ್ದೇವೆ ಅಂತ ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಜಗಳ ನಾಲ್ಕು ಬೀದಿಗೆ ಗೊತ್ತಿತ್ತು. ಸಭೆಯಲ್ಲಿ ಅಲ್ಲೊಬ್ಬ ಹೆಂಗಸು, ಇಲ್ಲೊಬ್ಬ ಮುದುಕ ಮುಖ ಮುಚ್ಚಿಕೊಂಡು ಅಳುವುದು ಕಾಣಿಸಿತು. ಕಳ್ಳನೋವು ನನ್ನೊಬ್ಬಳದೇ ಆಗಿರಲಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ.

ಮೇಡಂ ಎದ್ದರು. ತಲೆ ತಗ್ಗಿಸಿಕೊಂಡು ಬರುತ್ತಾರೆ ಅಂದುಕೊಂಡಿದ್ದೆ. ಮದುವಣಗಿತ್ತಿಯ ತಾಯಿಯ ಹಾಗೆ ಬೀಗುತ್ತ ಬಂದರು. ತಾವೇ ರೇಷ್ಮೆ ಎಳೆದರು. "ಇದನ್ನ ಬರೆದೋಳು ನಾನು. ನೆಟ್ಟಗಿರೋ ನರಕ್ಕೆ ಇದು ನಿಜ, ಪೆಟ್ಟಾದ ನರಕ್ಕಲ್ಲ. ಅದನ್ನ ತೋರಿಸಿಕೊಟ್ಟೋಳು ಈ ಸೋಮಕ್ಕ. ಯಾರಿಗೆಲ್ಲ ಕಳ್ಳನೋವು ಅಂತ ಹೆಸರಿಟ್ಟಿದ್ದೀವೋ ಅವರೆಲ್ಲರ ಕ್ಷಮೆ ಕೇಳ್ತೀನಿ. ನಾಳೆಯಿಂದ ನೋವಿನ ಮನೆಗೆ ಬನ್ನಿ, ನಿಮ್ಮ ನಿಮ್ಮ ದಿನ ಎಷ್ಟು ಅಂತ ಹುಡುಕೋಣ." ಅಷ್ಟು ಹೇಳಿ ಕಲ್ಲುಕುಟಿಗನ ಹತ್ತಿರ ಉಳಿ, ಸುತ್ತಿಗೆ ಕೇಳಿದರು. ಅವನು ನಾನೇ ಕೆತ್ತಿಕೊಡುತ್ತೇನೆ ಅಂದರೆ ಕೇಳಲಿಲ್ಲ.

ಕೂದಲಿನಂಥ ನರ ಬಿಡಿಸುವ ಕೈಗೆ ಕಲ್ಲು ಬಗ್ಗಲಿಲ್ಲ. ಮಧ್ಯಾಹ್ನವೆಲ್ಲ ಹಿಡಿಯಿತು. 'ಇದು ಪೂರ್ತಿ ಅಲ್ಲ.' ಕೊನೆಯ ಅಕ್ಷರಕ್ಕೆ ಸುತ್ತಿಗೆ ಜಾರಿ ಅವರ ಎಡಗೈ ಹೆಬ್ಬೆರಳಿನ ಮೇಲೆ ಬಿತ್ತು, ರಕ್ತ ಬಂತು. ನಾನು ಗೋಪುರದ ಗಡಿಯಾರ ನೋಡಿ ಬರೆದುಕೊಂಡೆ: ನಾಲ್ಕು ಗಂಟೆ ಹತ್ತು ನಿಮಿಷ.

ಮಾರನೆಯ ದಿನದಿಂದ ನೋವಿನ ಮನೆಯ ಮುಂದೆ ಜನ ಸಾಲುಗಟ್ಟಿದರು. ಒಬ್ಬರಿಗೆ ಹದಿನೆಂಟು ದಿನ, ಒಬ್ಬರಿಗೆ ನೂರ ನಾಲ್ಕು. ಅವರ ಚೀಟಿ ನೋಡಿಕೊಳ್ಳುವ ಕೆಲಸ ನನ್ನದಾಯಿತು.

ಎಂಟನೇ ದಿನ ಸೋಮವಾರ ಮೂರೂವರೆಗೆಲ್ಲ ಜಗಲಿ ತುಂಬಿತ್ತು. ಯಾರೂ ಕರೆದಿರಲಿಲ್ಲ. ಮಂಡಕ್ಕಿ ತಂದವರು, ಬಜ್ಜಿ ತಂದವರು, ಬರಿಗೈಯಲ್ಲಿ ಬಂದವರು. ಅಧ್ಯಕ್ಷರೂ ಬಂದು ಮೂಲೆಯಲ್ಲಿ ನಿಂತಿದ್ದರು. ಗಿರಿಜವ್ವ ಒಳಗಿನಿಂದ ಕುರ್ಚಿ ತಂದು ಹಾಕಿದರು.

"ಕೂತ್ಕೊಳ್ಳಿ ಡಾಕ್ಟ್ರೇ, ಬರೋ ಹೊತ್ತಾಯ್ತು."

ಮೇಡಂ ಕೂತರು. ಹೆಬ್ಬೆರಳನ್ನು ಮುಂದೆ ಹಿಡಿದು ಕಾದರು. ಇದ್ದಕ್ಕಿದ್ದಂತೆ ತುಟಿ ಕಚ್ಚಿದರು, ಕಣ್ಣಲ್ಲಿ ನೀರು ತುಂಬಿತು.

"ಬಂತು. ಹೊತ್ತೆಷ್ಟು ನೋಡು ಸೋಮಕ್ಕ."

"ನಾಲ್ಕು ಹತ್ತು, ಮೇಡಂ."

"ನಿಮಿಷವೂ ತಪ್ಪಿಲ್ಲ!" ಅಂದರು. ಆ ನೋವಿನಲ್ಲೂ ಸುತ್ತಲೂ ಒಮ್ಮೆ ನೋಡಿದರು ನೋಡಿ, ಇಪ್ಪತ್ತನಾಲ್ಕರ ಹುಡುಗಿಯ ಹಾಗೆ. ಅತ್ತೆ ಅವರ ಬೆನ್ನು ಸವರುತ್ತಿದ್ದರು. ನಾನು ಅಂಥವರ ಕೈಕೆಳಗೆ ಕೆಲಸಕ್ಕೆ ನಿಂತಿದ್ದೇನೆ ಅಂತ ನನ್ನ ಎದೆ ಉಬ್ಬಿತ್ತು, ಇವತ್ತಿಗೂ ಇಳಿದಿಲ್ಲ.

ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಅತ್ತೆ ಯಾವತ್ತಿನಂತೆ ಮೊಳೆಯಿಂದ ಒಂಬತ್ತನೇ ಚೀಟಿ ತೆಗೆದುಕೊಂಡು ಬಚ್ಚಲ ಕಡೆ ಹೊರಟರು. ಬಾಗಿಲಲ್ಲಿ ನಿಂತರು. ತಿರುಗಿ ಬಂದು ನನ್ನ ಮುಂದೆ ಹಿಡಿದರು.

"ತಗಾ. ನಿನ್ನ ಚೀಲದಾಗೆ ಹಾಕ್ಕಾ."

ಅದು ಸಮಾರಂಭದ ಭಾನುವಾರದ ಚೀಟಿ. ಅದರಲ್ಲಿ ನಾನು ಏನೂ ಬರೆದಿರಲಿಲ್ಲ, ಆ ಗಲಾಟೆಯಲ್ಲಿ ಮರೆತೇಹೋಗಿತ್ತು. ಅತ್ತೆ ಬರೆದಿದ್ದರು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವರ ಅಕ್ಷರ, ಒತ್ತಿ ಒತ್ತಿ ಬರೆದದ್ದಕ್ಕೆ ಚೀಟಿ ಅಲ್ಲಲ್ಲಿ ತೂತಾಗಿತ್ತು: 'ಸೋಮಿ. ನಡುಬೆರಳು. ಹನ್ನೊಂದು ಮುಕ್ಕಾಲು. ನಿಜ.'